ಇಲ್ಲಿ ಯಾರಾದರೂ ಬರುತ್ತಾರಾ?

ಯಾವ ಹೊಸ ಜಾಗಕ್ಕೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಕೂರಲು ಎಲ್ಲಿ ಜಾಗವಿದೆ ಎಂದು. ಗುಡಿಗೆ ಹೋದರೆ ದೇವರಿಗಿಂತ ಮೊದಲು ಕಟ್ಟೆ ಕಾಣುತ್ತದೆ; ಮದುವೆಗೆ ಹೋದರೆ ಮದುಮಕ್ಕಳಿಗಿಂತ ಮೊದಲು ಫ್ಯಾನಿನ ಕೆಳಗಿನ ಕುರ್ಚಿ. ಇದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ, ಹರೆಯದಲ್ಲೂ ನಾನು ಹೀಗೇ ಇದ್ದೆ. ಧಾರವಾಡದಿಂದ ಹುಬ್ಬಳ್ಳಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದವರಿಗೆ ಈ ಗುಣ ಅಂಟಿಕೊಂಡೇ ಇರುತ್ತದೆ. ಬಸ್ಸು ನಿಲ್ದಾಣದೊಳಗೆ ಹೊರಳುತ್ತಿರುವಾಗಲೇ ಅದರ ಪಕ್ಕದಲ್ಲಿ ಓಡುತ್ತ, ಕಿಟಕಿಯ ಸರಳುಗಳ ನಡುವೆ ಕರ್ಚೀಫು ತೂರಿಸಿ ಸೀಟು ಹಿಡಿಯುವ ಕಲೆಯಲ್ಲಿ ನಮ್ಮ ಓಣಿಯಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ. ಒಮ್ಮೆ ನಾನೂ ನನ್ನ ತಂಗಿಯೂ ಹೊರಟಾಗ ಒಂದೇ ಏಟಿಗೆ ಎರಡು ಸೀಟಿಗೂ ಹರಡಿಕೊಳ್ಳುವಂತೆ ದಾವಣಿಯ ಸೆರಗನ್ನೇ ಒಳಗೆ ಬಿಟ್ಟು, ಸೆರಗು ಬಸ್ಸಿನೊಳಗೂ ನಾನು ಹೊರಗೂ ಆಗಿ ಸ್ವಲ್ಪ ದೂರ ಹೋದದ್ದುಂಟು.

ಆ ಕರ್ಚೀಫಿನ ಕಾಯ್ದೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅದನ್ನು ಯಾವ ಸರಕಾರವೂ ಮಾಡಲಿಲ್ಲ, ಯಾವ ಪುಸ್ತಕದಲ್ಲೂ ಬರೆದಿಲ್ಲ. ಸಾಲಿನಲ್ಲಿ ನಿಲ್ಲಲು ಒಪ್ಪದ, ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳ ಕಾಯುವ ಜನ, ಖಾಲಿ ಸೀಟಿನ ಮೇಲೆ ಬಿದ್ದಿರುವ ಒಂದು ಕೊಳಕು ಕರ್ಚೀಫಿಗೆ ಮಾತ್ರ ತಲೆಬಾಗುತ್ತಾರೆ. ಬಹಳವೆಂದರೆ ಪಕ್ಕದಲ್ಲಿ ಕೂತವರನ್ನು ಒಂದು ಮಾತು ಕೇಳುತ್ತಾರೆ: ‘ಇಲ್ಲಿ ಯಾರಾದರೂ ಬರುತ್ತಾರಾ?’ ಬರುತ್ತಾರೆ ಎಂದರೆ ಮುಗಿಯಿತು, ಮುಂದಕ್ಕೆ ಹೋಗುತ್ತಾರೆ. ಬರುವವರು ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ, ನಿಜಕ್ಕೂ ಬರುತ್ತಾರೋ ಇಲ್ಲವೋ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಕುರ್ಚಿಗೆ ಟವೆಲ್ ಹಾಕಿದರು ಎಂದು ರಾಜಕಾರಣಿಗಳ ಬಗ್ಗೆ ಪತ್ರಿಕೆಗಳು ತಮಾಷೆ ಮಾಡುತ್ತವೆ. ನನಗೆ ಮಾತ್ರ ಅದರಲ್ಲಿ ತಮಾಷೆ ಕಾಣುವುದಿಲ್ಲ.

ಟೆಕ್ಸಸ್ಸಿಗೆ ಬಂದ ಮೇಲೂ ನನ್ನ ಈ ವಿದ್ಯೆ ತುಕ್ಕು ಹಿಡಿಯಲಿಲ್ಲ. ಹ್ಯೂಸ್ಟನ್ನಿನಲ್ಲಿ ಯುಗಾದಿ ಕಾರ್ಯಕ್ರಮವಾದರೆ ಡ್ಯಾಲಸ್ಸಿನಿಂದ ಹೋದ ನಮ್ಮ ಗುಂಪಿಗೆಲ್ಲ ದುಪ್ಪಟ್ಟಾ ಹಾಸಿ ಒಂದು ಸಾಲನ್ನೇ ಕಾದಿರಿಸುವುದು ನನ್ನ ಪಾಲಿನ ಕೆಲಸ. ನಮ್ಮ ಯಜಮಾನರು ಅಂಥ ಹೊತ್ತಿನಲ್ಲಿ ನನ್ನನ್ನು ಅರಿಯದವರಂತೆ ಕಾಫಿಯ ಮೇಜಿನ ಕಡೆಗೆ ನಡೆದುಬಿಡುತ್ತಾರೆ. ಸೀಟು ಹಿಡಿದಾದ ಮೇಲೆ ಬಂದು ಮಧ್ಯದ ಕುರ್ಚಿಯಲ್ಲಿ ಕೂರುವವರೂ ಅವರೇ.

ಈಗ ಶೈಲಾಳ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಮೈಸೂರಿನ ಶೈಲಾ ಡ್ಯಾಲಸ್ಸಿನ ಪಕ್ಕದ ನಮ್ಮ ಫ್ಲವರ್ ಮೌಂಡ್‌ನಲ್ಲಿ ನಮ್ಮ ಹಿತ್ತಲಿಗೆ ಬೆನ್ನು ಹಾಕಿದ್ದ ಮನೆಯವಳು. ನಮ್ಮಿಬ್ಬರ ನಡುವೆ ಇದ್ದದ್ದು ಆಳೆತ್ತರದ ಮರದ ಬೇಲಿ ಮಾತ್ರ. ಆ ಬೇಲಿಯ ಒಂದು ಹಲಗೆ ಯಾವುದೋ ಗಾಳಿಗೆ ಸಡಿಲಾಗಿ ವಾಲಿಕೊಂಡಿತು. ಎರಡೂ ಮನೆಯ ಗಂಡಸರು ಇವತ್ತು ನಾಳೆ ಎಂದು ಮುಂದೂಡಿದರು, ಹೆಂಗಸರು ನೆನಪಿಸಲಿಲ್ಲ. ಆ ಸಂದಿನಲ್ಲಿ ಆ ಕಡೆಯಿಂದ ಬಿಸಿಬೇಳೆಬಾತು, ಈ ಕಡೆಯಿಂದ ಎಣಗಾಯಿ ಪಲ್ಯ ದಾಟಿದವು. ಸಂಜೆ ಇಬ್ಬರೂ ಕೆರೆಯ ಸುತ್ತ ವಾಕ್ ಹೋಗುತ್ತಿದ್ದೆವು. ಕೆರೆ ಎಂದರೆ ಬಿಲ್ಡರ್ ತೋಡಿಸಿದ ಗುಂಡಿ, ನಡುವೆ ಒಂದು ಕಾರಂಜಿ. ಅದರ ದಂಡೆಯ ಕಬ್ಬಿಣದ ಬೆಂಚು ಬೇಸಿಗೆಯಲ್ಲಿ ಹೆಂಚಾಗುತ್ತಿತ್ತು, ಚಳಿಯಲ್ಲಿ ಮಂಜುಗಡ್ಡೆ. ಅದಕ್ಕೆ ನಾನು ಹುಬ್ಬಳ್ಳಿಯಿಂದ ತಂದ ಕೆಂಪು ಚೌಕಳಿಯ ಹತ್ತಿ ಟವೆಲ್ ಒಯ್ಯುತ್ತಿದ್ದೆ. ‘ಇದನ್ನ ಹಾಸ್ಕೊಂಡು ಕೂತ್ರೆ ನಮ್ಮನ್ನ ಪಿಕ್‌ನಿಕ್‌ಗೆ ಬಂದಿರೋ ಲಾರಿ ಡ್ರೈವರ್‌ಗಳು ಅನ್ಕೋತಾರೆ, ಅಕ್ಕ’ ಎಂದು ನಗುತ್ತಿದ್ದಳು. ನಗುತ್ತಲೇ ಅದರ ಮೇಲೆ ಕೂರುತ್ತಿದ್ದಳು.

ಅವಳ ಗಂಡನಿಗೆ ಆಸ್ಟಿನ್ನಿನ ಒಂದು ಚಿಪ್ ಕಂಪನಿಯಲ್ಲಿ ಕೆಲಸವಾಗಿ ಅವರು ಅಲ್ಲಿಯ ಸೀಡರ್ ಪಾರ್ಕಿಗೆ ಶಿಫ್ಟ್ ಆದರು. ಮೊದಮೊದಲು ದಿನಾ ಫೋನು. ಆಮೇಲೆ ಭಾನುವಾರದ ಫೋನು. ಆಮೇಲೆ ಗುಲಾಬಿ ಹೂವಿನ ಚಿತ್ರದ ಜೊತೆ ಶುಭೋದಯ, ಅದೂ ಎಲ್ಲರಿಗೂ ಒಟ್ಟಿಗೆ ಕಳಿಸಿದ್ದು. ಹೆದ್ದಾರಿಯಲ್ಲಿ ಅರ್ಧ ದಿನ ಕೂಡ ಬೇಕಿಲ್ಲ, ಆದರೂ ನಾನು ಹೋಗಲಿಲ್ಲ, ಅವಳು ಬರಲಿಲ್ಲ. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಅವರ ಮನೆ ಕೊಂಡ ಹೊಸಬರು ಬಂದ ಕೂಡಲೇ ಬೇಲಿಯ ಹಲಗೆಯನ್ನು ಮೊಳೆ ಹೊಡೆದು ಭದ್ರ ಮಾಡಿದರು. ಅವರದೇನೂ ತಪ್ಪಿಲ್ಲ, ಬೇಲಿ ಇರಬೇಕಾದದ್ದೇ ಹಾಗೆ.

ಡ್ಯಾಲಸ್ಸಿನ ಕಡೆಯ ನೆಲ ಎರೆ ಮಣ್ಣು, ಗದಗಿನ ಕಡೆಯ ಹೊಲಗಳ ಹಾಗೆಯೇ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಮನೆಯ ಬುನಾದಿಯನ್ನೇ ಅಲುಗಿಸುತ್ತದೆ. ಅದಕ್ಕೆ ಇಲ್ಲಿ ಗಿಡಗಳಿಗೆ ಹಾಕುವಂತೆ ಮನೆಯ ಬುಡಕ್ಕೂ ನೀರು ಹಾಕುತ್ತೇವೆ. ಸಂಜೆ ವಾಕ್ ನಿಂತ ಮೇಲೆ ನಾನು ಆ ಹೊತ್ತಿನಲ್ಲಿ ಮನೆಯ ಬುಡಕ್ಕೆ ನೀರು ಹಾಕಲು ಶುರುಮಾಡಿದೆ. ಗೋಡೆಯುದ್ದಕ್ಕೂ ನಿಧಾನವಾಗಿ ಪೈಪು ಹಿಡಿದು ನಡೆದರೆ ಹೊತ್ತು ಹೋಗುತ್ತದೆ. ಒಂಟಿತನ ಎಂದರೆ ದೊಡ್ಡ ದುಃಖವೇನಲ್ಲ. ಏನಾದರೂ ನೋಡಿದಾಗ ಇದನ್ನು ಇವಳಿಗೆ ಹೇಳಬೇಕು ಅನ್ನಿಸಿ, ಆ ಮೇಲೆ ಅಷ್ಟಕ್ಕೆಲ್ಲ ಫೋನ್ ಯಾಕೆ ಅನ್ನಿಸುವುದು. ನನಗೆ ದಿನಕ್ಕೆ ಹತ್ತು ಸಲ ಹೀಗಾಗುತ್ತಿತ್ತು.

ಹೀಗಿರುವಾಗ ಅವಳಿಂದಲೇ ಫೋನು ಬಂತು. ಸ್ಪ್ರಿಂಗ್ ಬ್ರೇಕಿಗೆ ಸೀಡರ್ ಪಾರ್ಕಿನ ನಾಲ್ಕಾರು ಕುಟುಂಬಗಳು ಕೆರಿಬಿಯನ್ನಿನ ಯಾವುದೋ ದ್ವೀಪದ ರಿಸಾರ್ಟಿಗೆ ಹೊರಟಿವೆಯಂತೆ. ‘ನೀವೂ ಬನ್ನಿ ಅಕ್ಕ, ಎಷ್ಟ್ ದಿನ ಆಯ್ತು ಒಟ್ಟಿಗೆ ಕೂತು.’ ಕೂತು ಎಂಬ ಆ ಒಂದು ಮಾತಿಗೆ ನಾನು ಸಮುದ್ರ ದಾಟಲು ಒಪ್ಪಿದೆ. ನಮ್ಮ ಯಜಮಾನರಿಗೆ ಅಲ್ಲಿ ಊಟ ಎಷ್ಟು ಸಲ ಬೇಕಾದರೂ ಮಾಡಬಹುದೆಂದು ಗೊತ್ತಾಗಿ ಅವರೂ ಒಪ್ಪಿದರು. ನಾನು ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ನಮ್ಮ ಕಡೆಯ ಚಟ್ನಿಪುಡಿಯಾದ ಶೇಂಗಾ ಹಿಂಡಿ ತುಂಬಿ, ಎಲ್ಲದರ ಮೇಲೆ ಕೆಂಪು ಚೌಕಳಿಯ ಟವೆಲ್ ಮಡಿಸಿಟ್ಟೆ.

ರಿಸಾರ್ಟ್ ಎಂದರೆ ಒಂದು ಹೋಟೆಲು ಎಂದುಕೊಂಡಿದ್ದೆ. ಅದೊಂದು ತಾಲ್ಲೂಕು. ರೂಮಿನಿಂದ ಊಟಕ್ಕೆ ಹೋಗಲು ಪುಟ್ಟ ಗಾಡಿ ಹತ್ತಬೇಕು, ಊಟದಿಂದ ಸಮುದ್ರಕ್ಕೆ ಇನ್ನೊಂದು. ಎತ್ತ ನೋಡಿದರೂ ಈಜುಕೊಳ, ಕೊಳದೊಳಗೇ ಬಾರು, ಬಾರಿನ ಮೇಲೆ ಧ್ವನಿವರ್ಧಕ. ಬಂದ ತಕ್ಷಣ ಮಣಿಕಟ್ಟಿಗೆ ನೀಲಿ ಪಟ್ಟಿ ಕಟ್ಟಿದರು. ಆಸ್ಪತ್ರೆಗೆ ಸೇರಿಸಿಕೊಂಡ ಹಾಗಾಯಿತು. ಸಂತೋಷಪಡುವುದು ಅಲ್ಲಿ ಒಂದು ಡ್ಯೂಟಿ. ಸುಮ್ಮನೆ ಕೂತವರನ್ನು ಕಂಡರೆ ಬಣ್ಣದ ಅಂಗಿಯ ಯುವತಿಯೊಬ್ಬಳು ಬಂದು, ನೀರಿನಲ್ಲಿ ಕುಣಿಯುವ ಕ್ಲಾಸಿಗೆ ಬರುವುದಿಲ್ಲವೇ ಎಂದು ಕಳಕಳಿಯಿಂದ ಕೇಳುತ್ತಿದ್ದಳು. ಮಂಡಿ ನೋವು ಎಂದರೆ ಮಂಡಿಗೂ ಒಂದು ಕ್ಲಾಸು ಇದೆ ಎನ್ನುತ್ತಿದ್ದಳು. ನಮ್ಮ ಯಜಮಾನರು ಮೊದಲ ದಿನವೇ ರೂಮಿನ ತಂಪು, ಫೋನಿನಲ್ಲಿ ಕ್ರಿಕೆಟ್ಟು, ಊಟದ ಮನೆ ಎಂಬ ಮೂರು ಕ್ಷೇತ್ರಗಳನ್ನು ಗುರುತಿಸಿಕೊಂಡು ಅವುಗಳ ನಡುವೆ ಓಡಾಡಿಕೊಂಡಿದ್ದರು.

ಶೈಲಾ ಹಜಾರದಲ್ಲಿ ಸಿಕ್ಕಳು. ತೆಳ್ಳಗಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ಓಡಿಬಂದು ನನ್ನನ್ನು ಅಪ್ಪಿ ಬೆನ್ನು ತಟ್ಟಿದಳು. ನಾವು ಹಿಂದೆ ಎಂದೂ ಅಪ್ಪಿಕೊಂಡವರಲ್ಲ. ಬೇಲಿಯ ಸಂದಿನಲ್ಲಿ ಪಾತ್ರೆ ದಾಟಿಸುವವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಅವಳ ಹಿಂದೆ ಅವಳ ಹೊಸ ಗುಂಪು. ಅದರ ಮುಂದಾಳು ದೀಪ್ತಿ ಎಂಬಾಕೆ. ದೀಪ್ತಿ ಬಲು ಒಳ್ಳೆಯ ಹೆಂಗಸು, ಪ್ರತಿ ಗಂಟೆಗೂ ಒಂದು ಕಾರ್ಯಕ್ರಮ ಹಾಕಿ, ಎಲ್ಲರ ಫೋನಿಗೂ ಬಣ್ಣಬಣ್ಣದ ವೇಳಾಪಟ್ಟಿ ಕಳಿಸಿದ್ದಳು. ಅದರಲ್ಲಿ ನಿದ್ದೆಗೂ ಒಂದು ಬಣ್ಣವಿತ್ತು.

ನಾನು ಶೈಲಾಳನ್ನು ಸ್ವಲ್ಪ ಪಕ್ಕಕ್ಕೆ ಕರೆದು, ‘ಮುಂಜಾನೆ ಲಗೂ ಎದ್ದು ಸಮುದ್ರದ ದಂಡಿಗೆ ಹೋಗೂಣೇನು? ಮೊದಲಿನ್ಹಂಗ ಇಬ್ಬರಽ’ ಎಂದೆ.

‘ಖಂಡಿತಾ ಅಕ್ಕ. ಬಂದೇ ಬರ್ತೀನಿ. ನನಗೊಂದು ಜಾಗ ಹಿಡಿದಿಡಿ, ಅಷ್ಟೇ’ ಎಂದಳು. ಅಷ್ಟರಲ್ಲಿ ಅವಳ ಮಗಳು, ‘ಅಮ್ಮಾ, ಕಮಾನ್! ಎವ್ರಿಬಡಿ ಈಸ್ ವೇಟಿಂಗ್!’ ಎಂದು ಅವಳ ಕೈ ಎಳೆದುಕೊಂಡು ಹೋದಳು. ನಾನು ತೊಟ್ಟಿಲಲ್ಲಿ ತೂಗಿದ ಮಗು, ಈಗ ಅವಳ ಭುಜದೆತ್ತರ.

ಮರುದಿನ ಬೆಳಕು ಹರಿಯುತ್ತಲೇ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೆ. ಜನ ಎದ್ದಿರುವುದಿಲ್ಲ ಎಂದುಕೊಂಡಿದ್ದೆ. ಈಜುಕೊಳದ ಬಳಿಗೆ ಬಂದು ನೋಡುತ್ತೇನೆ, ಆ ಮಬ್ಬುಬೆಳಕಿನಲ್ಲಿ ಕಂಕುಳಲ್ಲಿ ಟವೆಲ್ ಅವುಚಿಕೊಂಡ ಬಿಳಿಯರು, ಕರಿಯರು, ಚೀನೀಯರು, ಕಣ್ಣುಜ್ಜುತ್ತ, ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ, ಓಡಿದರೆ ಮರ್ಯಾದೆ ಹೋಗುತ್ತದೆಂದು ಬಿರುಸಾಗಿ ನಡೆಯುತ್ತಿದ್ದಾರೆ! ಒಳ್ಳೆಯ ಒರಗುಕುರ್ಚಿ ಕಂಡಲ್ಲಿ ರಿಸಾರ್ಟಿನ ನೀಲಿ ಟವೆಲ್ ಎಸೆದು, ಮೇಲೊಂದು ಚಪ್ಪಲಿಯೋ ಪುಸ್ತಕವೋ ಇಟ್ಟು, ಮತ್ತೆ ಮಲಗಲು ಹೋಗುತ್ತಿದ್ದಾರೆ. ನನ್ನ ಕಣ್ಣು ತುಂಬಿ ಬಂತು ಎಂದರೆ ನೀವು ನಗಬಹುದು. ಊರು ಬಿಟ್ಟು ಇಷ್ಟು ವರ್ಷವಾದ ಮೇಲೆ ನನಗೆ ಪೂರ್ತಿ ಅರ್ಥವಾಗುವ ಜನ ಮೊದಲ ಸಲ ಸಿಕ್ಕಿದ್ದರು. ಗಮನಿಸದೆ ಬಿಟ್ಟ ಟವೆಲ್‌ಗಳನ್ನು ತೆಗೆದುಬಿಡಲಾಗುವುದು ಎಂದು ಫಲಕವೂ ಇತ್ತು. ನಮ್ಮ ಬಸ್ಸುಗಳಲ್ಲೂ ಏನೇನೋ ಬರೆದಿರುತ್ತದಲ್ಲ, ಹಾಗೇ ಎಂದುಕೊಂಡು ಮುಂದೆ ನಡೆದೆ.

ಕೊಳಗಳನ್ನೆಲ್ಲ ದಾಟಿ, ಧ್ವನಿವರ್ಧಕದ ಸದ್ದು ಮುಟ್ಟದ ಕೊನೆಗೆ ಹೋದಾಗ ನನ್ನ ಜಾಗ ಸಿಕ್ಕಿತು. ಟವೆಲ್ ಕೊಡುವ ಗೂಡಂಗಡಿಯ ಆಚೆ, ಸಮುದ್ರಕ್ಕೆ ಮುಖ ಮಾಡಿ, ಬಣ್ಣ ಹೋದ ಎರಡು ಮರದ ಕುರ್ಚಿಗಳು. ಅವುಗಳ ಮೇಲೆ ಒಂದು ಬಾದಾಮಿ ಮರ! ನಮ್ಮ ಧಾರವಾಡದ ಶಾಲೆಯ ಅಂಗಳದಲ್ಲಿದ್ದದ್ದೇ ಮರ, ತಟ್ಟೆತಟ್ಟೆಯಾಗಿ ಚಾಚಿದ ಕೊಂಬೆ, ಉದುರುವ ಮೊದಲು ಕೆಂಪಾಗುವ ಅಗಲ ಎಲೆ. ಇದು ಇಲ್ಲಿಯದಲ್ಲ, ನಮ್ಮ ಕಡೆಯ ಕಡಲತೀರಗಳಿಂದ ಯಾವುದೋ ಕಾಲದ ಹಡಗಿನಲ್ಲಿ ಬಂದು ಬೇರೂರಿದ್ದು ಎಂದು ಆಮೇಲೆ ಓದಿ ತಿಳಿದೆ. ಕೆಳಗೆ ಬಿದ್ದ ಒಣಕಾಯಿಯೊಂದನ್ನು ಆರಿಸಿ, ಕಲ್ಲಿನಿಂದ ಕಲ್ಲಿಗೆ ಕುಟ್ಟಿ, ಬೆರಳು ಜಜ್ಜಿಕೊಂಡು, ಒಳಗಿನ ಕಡ್ಡಿಯಷ್ಟು ಸಣ್ಣ ಬೀಜ ತೆಗೆದು ತಿಂದೆ. ರಿಸಾರ್ಟಿನಲ್ಲಿ ರಾಶಿರಾಶಿ ಊಟವಿತ್ತು, ಬೆವರು ಸುರಿಸಿ ತಿಂದದ್ದು ಇದೊಂದೇ.

ಒಂದು ಕುರ್ಚಿಯಲ್ಲಿ ನಾನು ಕೂತೆ. ಇನ್ನೊಂದರ ಮೇಲೆ ಚೌಕಳಿ ಟವೆಲ್ ಹಾಸಿ, ಗಾಳಿಗೆ ಹಾರದಂತೆ ಒಂದು ಚಪ್ಪಲಿ ಇಟ್ಟೆ. ದಂಡೆಗೆ ಬಂದು ಬಿದ್ದ ಕಡಲಕಳೆಯನ್ನು ಕೆಲಸದವರು ಬಾಚುತ್ತಿದ್ದರು. ಅವರು ಬಾಚಿ ಹೋದ ಮೇಲೆ ಮರಳಿನ ಮೇಲೆ ಉಳಿದ ಗೆರೆಗಳನ್ನು ನೋಡಿದರೆ, ಕಸ ಗುಡಿಸಿ ರಂಗೋಲಿಗೆ ಕಾಯುತ್ತಿರುವ ಅಂಗಳ ನೆನಪಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮಧ್ಯವಯಸ್ಸಿನ ದಂಪತಿ ಬಂದರು. ಆಕೆ ನನ್ನ ಪಕ್ಕದ ಕುರ್ಚಿ ತೋರಿಸಿ ಇಂಗ್ಲಿಷಿನಲ್ಲಿ, ಇಲ್ಲಿ ಯಾರಾದರೂ ಬರುತ್ತಾರೆಯೇ ಎಂದು ಕೇಳಿದಳು. ಹುಬ್ಬಳ್ಳಿಯ ನಿಲ್ದಾಣ ಬಿಟ್ಟ ಮೇಲೆ ಆ ಪ್ರಶ್ನೆ ಅಷ್ಟು ಸರಿಯಾಗಿ ನನ್ನ ಕಿವಿಗೆ ಬಿದ್ದಿರಲಿಲ್ಲ. ‘ಬರುತ್ತಾರೆ’ ಎಂದೆ, ಹೆಮ್ಮೆಯಿಂದ. ಅವರು ನಕ್ಕು ಮುಂದೆ ಹೋದರು. ಬಿಸಿಲೇರಿದಾಗ ಶೈಲಾಳ ಮೆಸೇಜು ಬಂತು: ‘ಸಾರಿ ಅಕ್ಕ, ಎಚ್ಚರಾನೇ ಆಗ್ಲಿಲ್ಲ. ನಾಳೆ ಪಕ್ಕಾ.’

ಮರುದಿನ ಇನ್ನೊಂದು ಅದ್ಭುತ ಕಂಡಿತು. ಕಂದು ಬಣ್ಣದ ದೊಡ್ಡ ಹಕ್ಕಿಯೊಂದು ಅಲೆಗಳ ಮೇಲೆ ತೇಲಾಡುತ್ತ ಬಂದು, ಇದ್ದಕ್ಕಿದ್ದಂತೆ ರೆಕ್ಕೆ ಮಡಚಿ, ಮೇಲಿಂದ ಬಿಟ್ಟ ಗಂಟಿನ ಹಾಗೆ ನೀರಿಗೆ ಬಿತ್ತು. ಎದ್ದಾಗ ಗಂಟಲಿನ ಚೀಲ ತುಂಬಿತ್ತು. ಹೆಜ್ಜಾರ್ಲೆ! ಪೆಲಿಕನ್ನಿಗೆ ಕನ್ನಡದ ಈ ಹೆಸರನ್ನು ನನಗೆ ಕಲಿಸಿದವಳೇ ಶೈಲಾ. ಅವಳ ಅಜ್ಜಿಯ ಊರು ಮದ್ದೂರಿನ ಕಡೆ; ಅಲ್ಲಿ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟುವುದನ್ನು ಬೆಂಚಿನ ಮೇಲೆ ಕೂತು ಎಷ್ಟೋ ಸಲ ಹೇಳಿದ್ದಳು. ನಮ್ಮೂರಿನವು ನೀರಿನಲ್ಲಿ ತೇಲುತ್ತ ಮೀನು ಹಿಡಿಯುತ್ತವಂತೆ, ಹೀಗೆ ಆಕಾಶದಿಂದ ಧುಮುಕುವುದಿಲ್ಲ. ಇದನ್ನು ಅವಳಿಗೆ ತೋರಿಸಬೇಕು ಎಂದು ನನ್ನ ಜೀವ ಹಾರಿತು. ಪಕ್ಕಕ್ಕೆ ತಿರುಗಿದರೆ ಟವೆಲ್ಲು, ಚಪ್ಪಲಿ. ಆ ಬೆಳಿಗ್ಗೆ ಅವರದು ದೋಣಿ ಹುಟ್ಟು ಹಾಕುವ ಕಾರ್ಯಕ್ರಮ, ವೇಳಾಪಟ್ಟಿಯಲ್ಲಿ ಹಸಿರು ಬಣ್ಣ.

ನಾನು ಅವರ ಗುಂಪಿನಿಂದ ದೂರವೇ ಇದ್ದೆ ಎಂದುಕೊಳ್ಳಬೇಡಿ. ಸಂಜೆ ಎಲ್ಲರೂ ಒಟ್ಟಿಗೆ ಊಟ ಮಾಡುತ್ತಿದ್ದೆವು. ಅಲ್ಲಿಯ ಅನ್ನ ಮತ್ತು ಕಪ್ಪು ಅವರೆಯ ಮೇಲೆ ನನ್ನ ಶೇಂಗಾ ಹಿಂಡಿ ಉದುರಿಸಿದಾಗ ಇಡೀ ಮೇಜು ನನ್ನ ಕಡೆ ಕೈ ಚಾಚಿತು. ದೀಪ್ತಿ ಡಬ್ಬಿಯ ತಳವನ್ನೂ ಬಿಡಲಿಲ್ಲ. ಮಾತು ಮಾತ್ರ ಅವರ ಸೀಡರ್ ಪಾರ್ಕಿನ ಶಾಲೆ, ಅವರ ಈಜಿನ ಟೀಮು, ಅವರಲ್ಲಿ ಯಾರೋ ಅಡಿಗೆಮನೆ ಒಡೆಸಿ ಕಟ್ಟಿಸಿದ್ದು ಇವುಗಳ ಸುತ್ತ ಸುತ್ತುತ್ತಿತ್ತು. ಅವರು ನಕ್ಕಾಗ ನಾನೂ ನಕ್ಕೆ, ಅರೆಕ್ಷಣ ತಡವಾಗಿ. ಶೈಲಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ನಮ್ಮ ಕಡೆಯವರೇ, ನಮ್ಮ ಮಾತೇ, ನಮ್ಮ ಹಿಂಡಿಯೇ. ಅದರ ನಡುವೆ ನನಗೆ ಹಿತ್ತಲಲ್ಲಿ ಪೈಪು ಹಿಡಿದು ನಿಂತದ್ದಕ್ಕಿಂತ ಹೆಚ್ಚು ಒಂಟಿ ಅನ್ನಿಸಿತು.

ಬಾದಾಮಿ ಮರಕ್ಕೂ ತೆಂಗಿಗೂ ನಡುವೆ ಯಾರೋ ಒಂದು ಹಗ್ಗದ ಜೋಲಿ ಕಟ್ಟಿದ್ದರು. ಇಂಗ್ಲಿಷಿನವರು ಅದಕ್ಕೆ ಹ್ಯಾಮಕ್ ಎನ್ನುತ್ತಾರೆ. ಆ ಮಾತು, ಆ ವಸ್ತು ಎರಡೂ ಈ ದ್ವೀಪಗಳ ಮೂಲದವರದಂತೆ. ಹಡಗಿನಲ್ಲಿ ಬಂದವರು ಎರಡನ್ನೂ ಒಯ್ದರು. ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿ ಮಗು ತೂಗುವ ನಮ್ಮವರಿಗೆ ಇದು ಹೊಸದಲ್ಲ. ಆದರೆ ನಮ್ಮಲ್ಲಿ ದೊಡ್ಡವರಿಗೆ ಜೋಲಿ ಇಲ್ಲ, ದೊಡ್ಡವರನ್ನು ತೂಗುವವರು ಯಾರು? ಒಂದು ಬೆಳಿಗ್ಗೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು ಅದನ್ನು ಹತ್ತಿದೆ. ಹತ್ತುವುದು ಸುಲಭ. ಇಳಿಯಲು ಮಾತ್ರ ಕೈ ಹಿಡಿಯಲು ಇನ್ನೊಬ್ಬರು ಬೇಕು. ಗಾಳಿಗೆ ತೂಗುತ್ತ, ಎಲೆಗಳ ಸಂದಿನಲ್ಲಿ ಬೆಳಕು ಬದಲಾಗುವುದನ್ನು ನೋಡುತ್ತ ಬಹಳ ಹೊತ್ತು ಅಲ್ಲೇ ಇದ್ದೆ. ಅರ್ಧ ಸುಖಕ್ಕಾಗಿ, ಅರ್ಧ ಇಳಿಯಲಾಗದೆ.

ಇಷ್ಟರಲ್ಲಿ ‘ಬರುತ್ತಾರೆ’ ಎನ್ನುವ ನನ್ನ ದನಿ ಇಳಿದಿತ್ತು. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ, ಆದರೆ ಹೇಳುವಾಗ ಸಮುದ್ರದ ಕಡೆ ನೋಡುತ್ತಿದ್ದೆ. ಮೊದಲ ದಿನ ಬಂದಿದ್ದ ದಂಪತಿ ಮತ್ತೆ ಬಂದು, ಚಪ್ಪಲಿಯನ್ನೂ ನನ್ನನ್ನೂ ನೋಡಿ, ಏನೂ ಕೇಳದೆ ಹೋದರು. ಅದು ನನಗೆ ಹೆಚ್ಚು ಚುಚ್ಚಿತು. ಶೈಲಾ ಈಗ ಮೆಸೇಜು ಕಳಿಸುವುದನ್ನೂ ಬಿಟ್ಟಿದ್ದಳು. ಕೇಳಬಹುದಿತ್ತು, ಕೇಳಲಿಲ್ಲ. ಅಂಗಲಾಚಿ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವುದರಲ್ಲಿ ಏನಿದೆ? ಅವಳು ತಾನಾಗಿ ಬಂದರೆ ನಮ್ಮ ಬೆಂಚು ಇನ್ನೂ ಇದೆ ಎಂದು ಅರ್ಥ. ಬಾರದಿದ್ದರೆ ಅದೂ ಬೇಲಿಯ ಸಂದಿನ ಹಾಗೆ ಮುಚ್ಚಿಹೋಯಿತೆಂದು ತಿಳಿದುಕೊಂಡು ಮನೆಗೆ ಹೋಗಬೇಕು.

ಹೊರಡುವ ಮುನ್ನಾದಿನ ಟವೆಲ್ ಹಾಸಿ, ಚಪ್ಪಲಿ ಇಟ್ಟು, ಬರಿಗಾಲಿನಲ್ಲೇ ಚಹಾ ತರಲು ಹೋದೆ. ಚಹಾ ಎಂದರೆ ಆ ತಾಲ್ಲೂಕಿನ ಇನ್ನೊಂದು ತುದಿ. ಬಂದು ನೋಡಿದರೆ ಚಪ್ಪಲಿ ನೆಲದ ಮೇಲಿದೆ, ಟವೆಲ್ ಇಲ್ಲ. ಫಲಕದಲ್ಲಿ ಬರೆದದ್ದನ್ನು ಆ ಜನ ನಿಜವಾಗಿಯೂ ಮಾಡುತ್ತಾರೆ! ಕರ್ಚೀಫಿನ ಕಾಯ್ದೆಯನ್ನು ಯಾರಾದರೂ ಮುರಿಯಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಅಂಚು ಎಳೆ ಬಿಟ್ಟ ಹಳೆಯ ಟವೆಲ್ಲಿಗಾಗಿ ಅಷ್ಟು ದೊಡ್ಡ ರಿಸಾರ್ಟಿನಲ್ಲಿ ಏನೆಂದು ಕೇಳುವುದು, ಯಾವ ಭಾಷೆಯಲ್ಲಿ ಕೇಳುವುದು? ರೂಮಿಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ.

‘ಇದೇನು ಹುಬ್ಬಳ್ಳಿ ಸ್ಟ್ಯಾಂಡ್ ಅಂತ ತಿಳದಿದ್ದಿ ಏನು?’ ಎಂದು ನಕ್ಕರು. ನಾನು ನಗದಿರುವುದನ್ನು ನೋಡಿ ಕ್ರಿಕೆಟ್ಟಿನ ಸದ್ದು ತಗ್ಗಿಸಿದರು. ‘ಹೋಗ್ಲಿ ಬಿಡ. ಮುಂದಿನ ಸಲ ಊರಿಗೆ ಹೋದಾಗ ಹತ್ತು ತರೂಣಂತ. ಅಳೂದ್ಯಾಕ?’

‘ಟಾವೆಲ್ ಸಲುವಾಗಿ ಅಳಾಕತ್ತಿಲ್ರಿ’ ಎಂದೆ. ಅದು ಅವರಿಗೂ ಗೊತ್ತಿತ್ತು.

ಕೊನೆಯ ದಿನ ಬೆಳಿಗ್ಗೆ ಕೈ ಬೀಸಿಕೊಂಡು ಹೋದೆ. ಹಾಸಲು ಏನೂ ಇರಲಿಲ್ಲ, ಹಾಸುವ ಮನಸ್ಸೂ ಇರಲಿಲ್ಲ. ಕೂತು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ದೊಡ್ಡ ಟೋಪಿಯ, ದೊಡ್ಡ ಹೊಟ್ಟೆಯ ಮುದುಕನೊಬ್ಬ ಬಂದ. ಮಾತಿನ ಎಳೆತ ಕೇಳಿದರೆ ನಮ್ಮ ಟೆಕ್ಸಸ್ಸಿನವನೇ. ಟೋಪಿ ತೆಗೆದು, ಅಮ್ಮಾ, ಇಲ್ಲಿ ಯಾರಾದರೂ ಬರುತ್ತಾರೆಯೇ ಎಂದು ಕೇಳಿದ.

‘ಇಲ್ಲ, ಯಾರೂ ಬರುವುದಿಲ್ಲ, ಕೂತುಕೊಳ್ಳಿ’ ಎಂದೆ. ನನ್ನ ಜನ್ಮದಲ್ಲಿ ಹಿಡಿದ ಸೀಟು ಬಿಟ್ಟುಕೊಟ್ಟದ್ದು ಅದೇ ಮೊದಲು. ಎದೆಯಲ್ಲಿ ಏನೋ ಸಡಿಲಾಯಿತು. ಹಗುರವಾಯಿತೋ ಖಾಲಿಯಾಯಿತೋ ಆಗ ಗೊತ್ತಾಗಲಿಲ್ಲ. ಅವನು ಕುರ್ಚಿ ಕಿರುಗುಟ್ಟುವಂತೆ ಕೂತು, ಟೋಪಿ ಮುಖದ ಮೇಲೆ ಮುಚ್ಚಿಕೊಂಡ.

ಆಗ ಹಿಂದಿನಿಂದ ಮರಳಿನ ಮೇಲೆ ಸರಸರ ಸದ್ದು. ತಿರುಗಿ ನೋಡಿದರೆ ಶೈಲಾ, ಕೆದರಿದ ಕೂದಲು, ರಾತ್ರಿಯ ಬಟ್ಟೆ, ಎರಡು ಕೈಯಲ್ಲಿ ಎರಡು ಕಾಗದದ ಲೋಟ, ಹೆಗಲ ಮೇಲೆ ನನ್ನ ಚೌಕಳಿ ಟವೆಲ್. ಬಂದವಳು ಮುದುಕನನ್ನು ನೋಡಿದಳು, ನನ್ನನ್ನು ನೋಡಿದಳು.

‘ನನ್ನ ಜಾಗ?’ ಎಂದಳು.

‘ಟಾವೆಲ್ ಎಲ್ಲಿ ಸಿಕ್ತು?’ ಎಂದೆ.

‘ನಿನ್ನೆ ಸಂಜೆ ಮಕ್ಕಳ ಟವೆಲ್ ಬದಲಾಯಿಸಕ್ಕೆ ಬಂದಿದ್ದೆ. ಆ ಗೂಡಂಗಡಿ ಹೆಂಗಸಿನ ಹಿಂದೆ ಮೊಳೆಗೆ ನೇತಾಕಿದ್ರು. ನೀಲಿ ಟವೆಲ್‌ಗಳ ಮಧ್ಯೆ ಇದೊಂದೇ ಕೆಂಪು. ನೋಡಿದ ತಕ್ಷಣ ಗೊತ್ತಾಯ್ತು. ಎಲ್ಲಿ ಸಿಕ್ತು ಅಂತ ಕೇಳಿದ್ರೆ, ಆ ಮರದ ಕೆಳಗೆ, ದಿನಾ ಬೆಳಗ್ಗೆ ಎರಡನೇ ಕುರ್ಚಿ ಮೇಲೆ ಇರತ್ತೆ, ಇವತ್ತು ಯಾರೋ ತೆಗೆದುಕೊಂಡು ಬಂದ್ರು, ಅಂದ್ರು.’ ಒಂದು ಲೋಟವನ್ನು ನನ್ನ ಕಡೆ ಚಾಚಿದಳು. ‘ನಾನು ಸುಮ್ನೆ ಮಾತಿಗೆ ಹೇಳಿದ್ದೆ ಅಕ್ಕ, ಜಾಗ ಹಿಡಿದಿಡಿ ಅಂತ. ನೀವು ದಿನಾ ಹಿಡಿದಿಟ್ಟಿದ್ರಾ?’

‘ಹಿಡಿ ಅಂದಿದ್ದಿ, ಹಿಡಿದೆ’ ಎಂದೆ. ಕೋಪ ತೋರಿಸಬೇಕೆಂದಿದ್ದೆ, ಆದರೆ ಲೋಟ ತೆಗೆದುಕೊಂಡುಬಿಟ್ಟೆ.

ಮುದುಕ ಟೋಪಿ ಸರಿಸಿ ನೋಡಿದ. ಮಾತು ತಿಳಿಯದಿದ್ದರೂ ಸೀಟಿನ ವ್ಯವಹಾರವೆಂದು ತಿಳಿದಿರಬೇಕು, ಕುರ್ಚಿಯ ಕೈಗಳನ್ನು ಹಿಡಿದು ಏಳತೊಡಗಿದ. ಶೈಲಾ ಗಾಬರಿಯಾಗಿ, ‘ನೋ ನೋ, ಪ್ಲೀಸ್! ವೀ ವಿಲ್ ಅಡ್ಜಸ್ಟ್’ ಎಂದಳು. ನನ್ನ ಕಡೆ ತಿರುಗಿ, ‘ಸ್ವಲ್ಪ ಸರೀರಿ ಅಕ್ಕ’ ಎಂದಳು.

ಸರಿದೆ. ಒಬ್ಬರಿಗೆಂದು ಮಾಡಿದ ಕುರ್ಚಿ. ನಾನು ತೆಳ್ಳಗಿನವಳಲ್ಲ. ಕಾಲು ಮಡಿಸಿ, ಒಂದು ಪಕ್ಕ ಅಂಚಿಗೆ ಬಂದು, ಅರ್ಧ ಗಾಳಿಯಲ್ಲಿ ಕೂತೆ. ಅವಳು ಉಳಿದ ಜಾಗದಲ್ಲಿ ಟವೆಲ್ ಹಾಸಿಕೊಂಡು ತೂರಿಕೊಂಡಳು. ಇಬ್ಬರು ಕೂರುವ ಸೀಟಿನಲ್ಲಿ ಮೂವರು ಕೂತು ಹುಬ್ಬಳ್ಳಿ ಮುಟ್ಟಿದ ನನ್ನ ಮೈಗೆ ಇದು ಚೆನ್ನಾಗಿ ಗೊತ್ತಿತ್ತು. ಚಹಾ ಆರಿಹೋಗಿತ್ತು, ಸಕ್ಕರೆ ಮರೆತಿದ್ದಳು.

ಆಮೇಲೆ ಅವಳೇ ಹೇಳಿದಳು, ‘ಆ ಗುಂಪಲ್ಲಿ ನಾನು ಒಂದು ದಿನ ಹೋಗದಿದ್ರೆ ಮುಂದಿನ ಸಲ ಕರೆಯೋದೇ ಇಲ್ವೇನೋ ಅನ್ಸತ್ತೆ ಅಕ್ಕ. ಅದಕ್ಕೆ ಎಲ್ಲದಕ್ಕೂ ಓಡ್ತೀನಿ. ನಂಗೆ ದೋಣಿ ಅಂದ್ರೆ ಭಯ, ಗೊತ್ತಲ್ವಾ ನಿಮಗೆ.’

ಗೊತ್ತಿತ್ತು. ಕಾರಂಜಿಯ ಕೆರೆಯ ಅಂಚಿಗೆ ಬರಲೂ ಹೆದರುತ್ತಿದ್ದವಳು. ಅವಳ ಜೋರು ನಗು ನೆನಪಾಯಿತು. ಇಷ್ಟು ದಿನ ನಾನು ಅವಳಿಗಾಗಿ ಸೀಟು ಹಿಡಿದುಕೊಂಡು ಕೂತಿದ್ದರೆ, ಅವಳು ಅಲ್ಲಿ ತನ್ನ ಸೀಟು ಹೋಗಿಬಿಡುತ್ತದೆಂದು ಏಳದೆ ಕೂತಿದ್ದಳು. ‘ಇಲ್ಲಿ ಹೆಜ್ಜಾರ್ಲಿ ಬರ್ತಾವ’ ಎಂದೆ. ‘ಮ್ಯಾಲಿಂದ ದಬಕ್ಕಂತ ನೀರಾಗ ಬೀಳ್ತಾವ. ನಿಮ್ಮ ಅಜ್ಜಿ ಊರಾಗಿನವು ಹಂಗ ಮಾಡೂದಿಲ್ಲಲ್ಲ?’

‘ಸುಳ್ಳು’ ಎಂದು ಅವಳು ಸಮುದ್ರದ ಕಡೆಗೆ ಕಣ್ಣು ನೆಟ್ಟಳು. ಆ ಬೆಳಿಗ್ಗೆ ಒಂದೇ ಒಂದು ಹಕ್ಕಿಯೂ ಬರಲಿಲ್ಲ. ದೀಪ್ತಿಯ ಮೆಸೇಜು ಬಂತು, ಮಗಳ ಫೋನು ಬಂತು. ಶೈಲಾ ನೋಡಿದಳು, ಎದ್ದಳು, ಮತ್ತೆ ಕೂತಳು, ಕೊನೆಗೆ ಹೋಗಲೇಬೇಕಾಗಿ ಹೋದಳು. ನನ್ನ ಒಂದು ಕಾಲು ಮರಗಟ್ಟಿತ್ತು. ಮುದುಕ ಟೋಪಿಯ ಕೆಳಗೆ ಗೊರಕೆ ಹೊಡೆಯುತ್ತಿದ್ದ.

ಆಮೇಲೆ ಎಲ್ಲ ಮೊದಲಿನಂತಾಯಿತು ಎಂದು ಹೇಳಿದರೆ ನೀವು ನಂಬಬಾರದು. ದಿನಾ ಫೋನು ಮತ್ತೆ ಶುರುವಾಗಲಿಲ್ಲ. ಗುಲಾಬಿ ಹೂವು ಬರುತ್ತದೆ, ಸಂಜೆ ಮನೆಯ ಬುಡಕ್ಕೆ ನಾನು ಒಬ್ಬಳೇ ನೀರು ಹಾಕುತ್ತೇನೆ, ಬೇಲಿ ಭದ್ರವಾಗಿದೆ. ಆದರೆ ಆಗೊಮ್ಮೆ ಈಗೊಮ್ಮೆ ಒಂದು ಶನಿವಾರ ನಾನು ಆಸ್ಟಿನ್ನಿನ ಕಡೆ ಡ್ರೈವ್ ಮಾಡುತ್ತೇನೆ, ಅವಳೂ ಇತ್ತ ಹೊರಡುತ್ತಾಳೆ. ಇಬ್ಬರಿಗೂ ಅರ್ಧದಾರಿಯಾಗುವ ಕಡೆ ಪೆಟ್ರೋಲ್ ಬಂಕಿನ ಪಕ್ಕ ಒಂದು ಪುಟ್ಟ ಕಲ್ಲಿನ ಬೆಂಚಿದೆ, ಎಲ್ಲ ಲಾರಿಗಳ ಹೊಗೆಯೂ ಅದಕ್ಕೇ ಬಡಿಯುತ್ತದೆ. ಮೊದಲು ಮುಟ್ಟಿದವಳು ನಾನಾದರೆ ಟವೆಲ್ ಕಾರಿನಲ್ಲೇ ಬಿಡುತ್ತೇನೆ. ಬೆಂಚಿನ ನಡುವೆ ಕೂರುತ್ತೇನೆ, ಅವಳ ಕಾರು ಕಂಡ ಮೇಲೆ ಸರಿದರಾಯಿತು.